ಇಂಟರ್ನ್‌ಶಿಪ್: ದಿನಕ್ಕೆ ಅರ್ಧ ಗಂಟೆ ಕೊಡುವವರು ಯಾರು?

ಜನವರಿ ಬಂತೆಂದರೆ ಊರಿನಿಂದ ನನ್ನ ಫೋನಿಗೆ ಒಂದೇ ಥರದ ಮೆಸೇಜು ಬರಲು ಶುರುವಾಗುತ್ತದೆ. "ಅಣ್ಣಾ, ನಿಮ್ಮ ಕಂಪನೀಲಿ ಇಂಟರ್ನ್‌ಶಿಪ್ ಸಿಗ್ತದಾ?" ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ. "ಬೆಂಗಳೂರಿಗೆ ಬಂದು ಉಳೀಲಿಕ್ಕೆ ಆಗೂದಿಲ್ಲ ಅಣ್ಣ. ಸರ್ಟಿಫಿಕೇಟ್ ಒಂದು ಸಿಕ್ರೂ ಅಡ್ಡಿಲ್ಲ."

ಕೇಳುವವರು ನಮ್ಮ ಕೇಣಿಯ ಹುಡುಗರು, ಅಂಕೋಲೆ-ಕಾರವಾರದ ಹುಡುಗಿಯರು. ಯಾರೂ ಸೋಮಾರಿಗಳಲ್ಲ. ಬೆಳಿಗ್ಗೆ ಬಸ್ಸು ಹಿಡಿದು ಕಾಲೇಜಿಗೆ ಹೋಗಿ, ಸಂಜೆ ಮನೆಗೆ ಬಂದು ಪುಸ್ತಕ ಹಿಡಿಯುವವರು. ಆದರೂ 'ಸರ್ಟಿಫಿಕೇಟ್ ಸಾಕು' ಅನ್ನುವ ಮಾತು ಅವರ ಬಾಯಲ್ಲಿ ಇಷ್ಟು ಸಲೀಸಾಗಿ ಬರುತ್ತದಲ್ಲ, ಅದು ನನ್ನನ್ನು ಕಾಡುತ್ತದೆ.

ಒಂದು ಕಾರಣ ಲೆಕ್ಕದಲ್ಲೇ ಇದೆ. ವಿಟಿಯುವಿನ 2022ರ ಸ್ಕೀಮಿನಲ್ಲಿ ಎಂಜಿನಿಯರಿಂಗ್ ಪದವಿಗೆ ಒಟ್ಟು 160 ಕ್ರೆಡಿಟ್. ಅದರಲ್ಲಿ 10 ಕ್ರೆಡಿಟ್ ಕೊನೆಯ ವರ್ಷದ ಇಂಟರ್ನ್‌ಶಿಪ್‌ಗೆ, ಅವಧಿ 14ರಿಂದ 20 ವಾರ. ಉದ್ದೇಶ ಒಳ್ಳೆಯದೇ. ತರಗತಿಯಲ್ಲಿ ಕಲಿತದ್ದು ಬೇರೆ, ಕೆಲಸದ ಜಾಗ ಬೇರೆ ಎಂದು ನಾವೆಲ್ಲ ವರ್ಷಗಟ್ಟಲೆ ಗೊಣಗಿದ್ದೇವೆ. ಆದರೆ ಇಪ್ಪತ್ತು ವಾರ ಎಂದರೆ ಹತ್ತಿರ ಹತ್ತಿರ ಐದು ತಿಂಗಳು. ಬೆಂಗಳೂರಿನ ಪಿಜಿ ಬಾಡಿಗೆ, ಬಸ್ ಪಾಸು, ಊಟ ಎಲ್ಲ ಸೇರಿದರೆ ನಲವತ್ತು-ಐವತ್ತು ಸಾವಿರ ರೂಪಾಯಿ ನೀರಿನಂತೆ ಹೋಗುತ್ತದೆ. ಸ್ಟೈಪೆಂಡ್ ಸಿಗುತ್ತದೆಂಬ ಖಾತ್ರಿ ಇಲ್ಲ. ಮಳೆಗಾಲದ ಎರಡು ತಿಂಗಳು ದೋಣಿ ದಡದಲ್ಲೇ ಇರುವ ಮನೆಯಲ್ಲಿ ಈ ದುಡ್ಡನ್ನು ಕೇಳಲು ಬಾಯಿ ಬರುವುದಿಲ್ಲ.

ಹಾಗಾದರೆ ಅಷ್ಟು ಖರ್ಚು ಮಾಡಿ ಹೋದವರಿಗೆ ಅಲ್ಲಿ ಸಿಗುವುದಾದರೂ ಏನು? ನನಗೆ ಸಿಕ್ಕಿದ್ದನ್ನು ಹೇಳುತ್ತೇನೆ.

ಹೆಲ್ಮೆಟ್ಟು, ಗೇಟ್ ಪಾಸು, ಖಾಲಿ ಕೈ

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಇಂಟರ್ನ್‌ಶಿಪ್‌ಗೆ ಹೋಗಿದ್ದು ಬೆಂಗಳೂರಿನ ಹೊರವಲಯದಲ್ಲಿದ್ದ, ಯಂತ್ರದ ಬಿಡಿಭಾಗ ತಯಾರಿಸುವ ಒಂದು ದೊಡ್ಡ ಕಾರ್ಖಾನೆಗೆ. ಹೆಸರು ಬೇಡ. ಆರು ವಾರ.

ಮೊದಲ ದಿನ ಗೇಟಿನಲ್ಲಿ ಆಧಾರ್ ಕಾರ್ಡ್ ತೋರಿಸಿ, ಫೋನಿನ ಕ್ಯಾಮೆರಾ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡು, ಹೆಲ್ಮೆಟ್ಟು, ಸೇಫ್ಟಿ ಶೂ ಹಾಕಿ ಒಳಗೆ ಹೋದೆವು. ಬೇರೆ ಬೇರೆ ಕಾಲೇಜಿನ ಹತ್ತು-ಹನ್ನೆರಡು ಮಂದಿ. ಸುರಕ್ಷತೆಯ ವಿಡಿಯೊ ತೋರಿಸಿದರು. ಕಂಪನಿಯ ಇತಿಹಾಸದ ಸ್ಲೈಡುಗಳು ಬಂದವು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟ. ಊಟ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು.

ಎರಡನೇ ದಿನದಿಂದ ನಾವು ಏನು ಮಾಡಬೇಕು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮನ್ನು ಸೇರಿಸಿಕೊಂಡಿದ್ದ ಎಚ್‌ಆರ್ ಬೇರೆ ವಿಭಾಗಕ್ಕೆ ಹೋಗಿದ್ದರು. ನಮಗೆ ಗೈಡ್ ಎಂದು ಗೊತ್ತುಮಾಡಿದ್ದ ಎಂಜಿನಿಯರ್‌ಗೆ ತಿಂಗಳ ಕೊನೆಯ ಟಾರ್ಗೆಟ್ ತಲೆ ಮೇಲೆ ಕೂತಿತ್ತು. ಅವರು ಕೆಟ್ಟವರಲ್ಲ. ಸಿಕ್ಕಾಗಲೆಲ್ಲ ನಗುತ್ತಲೇ "ಸುತ್ತಾಡಿ, ನೋಡಿ, ಏನಾದ್ರೂ ಡೌಟ್ ಇದ್ರೆ ಕೇಳಿ" ಅಂತಿದ್ದರು. ಆದರೆ ಏನೂ ಗೊತ್ತಿಲ್ಲದವನಿಗೆ ಡೌಟ್ ಹೇಗೆ ಬರಬೇಕು? ನಲವತ್ತು ಯಂತ್ರಗಳು ಒಟ್ಟಿಗೆ ಗಡಗಡ ಅನ್ನುತ್ತಿದ್ದರೆ ಹೊಸಬನಿಗೆ ಕಾಣುವುದು ನಲವತ್ತು ಪೆಟ್ಟಿಗೆ, ಅಷ್ಟೇ. ಜತೆಗೆ, 'ಆಪರೇಟರ್ ಜತೆ ಮಾತಾಡಿ ಅವರ ಕೆಲಸ ಕೆಡಿಸಬೇಡಿ' ಎಂಬ ಸೂಚನೆ ಬೇರೆ.

ಎರಡು ವಾರ ಹೀಗೇ ಹೋಯಿತು. ಜತೆಗಿದ್ದವರಲ್ಲಿ ಕೆಲವರು ಅಟೆಂಡೆನ್ಸ್ ಹಾಕಿ ಟ್ರೇನಿಂಗ್ ಹಾಲ್‌ನಲ್ಲಿ ಕೂತು ಗೇಟ್ ಪರೀಕ್ಷೆಗೆ ಓದಿಕೊಂಡರು. ನಾಲ್ಕು ಮಂದಿ ಬರುವುದನ್ನೇ ಬಿಟ್ಟರು. ಕೊನೆಯಲ್ಲಿ ಎಲ್ಲರಿಗೂ ಒಂದೇ ಸರ್ಟಿಫಿಕೇಟ್ ಬಂತು, ಒಂದೇ ಒಕ್ಕಣೆ, ಒಂದೇ ಸಹಿ.

ಕಾಕಾ ಕೊಟ್ಟ ಲಾಗ್‌ಬುಕ್

ಮೂರನೇ ವಾರ ಮೇಂಟೆನೆನ್ಸ್ ವಿಭಾಗದಲ್ಲಿ ಒಬ್ಬ ಹಿರಿಯ ಟೆಕ್ನೀಶಿಯನ್ ಸಿಕ್ಕರು. ಗದಗ ಕಡೆಯವರು. ಎಲ್ಲರೂ ಅವರನ್ನು ಕಾಕಾ ಅಂತಲೇ ಕರೆಯುತ್ತಿದ್ದರು. ಐಟಿಐ ಮಾಡಿ ಅಪ್ರೆಂಟಿಸ್ ಆಗಿ ಕೆಲಸ ಕಲಿತವರು. ನಾನು ಒಂದು ಕಂಟ್ರೋಲ್ ಪ್ಯಾನೆಲ್ ಮುಂದೆ ನಿಂತು ವೈರುಗಳನ್ನು ದಿಟ್ಟಿಸುತ್ತಿದ್ದಾಗ ಬಂದು, "ಏನ್ ನೋಡಾಕತ್ತೀಯೋ ತಮ್ಮಾ? ಹಂಗ ನೋಡಿದ್ರ ಅದು ಮಾತಾಡಂಗಿಲ್ಲ. ಬಾ ಇಲ್ಲೆ" ಅಂದರು.

ಅವರು ನನ್ನ ಕೈಗೆ ಕೊಟ್ಟಿದ್ದು ಬ್ರೇಕ್‌ಡೌನ್ ಲಾಗ್‌ಬುಕ್ಕು. ಯಂತ್ರ ನಿಂತಾಗಲೆಲ್ಲ ಅದರಲ್ಲಿ ಬರೆಯಬೇಕು: ದಿನಾಂಕ, ಶಿಫ್ಟು, ಯಾವ ಯಂತ್ರ, ಎಷ್ಟು ನಿಮಿಷ ನಿಂತಿತ್ತು, ಕಾರಣ ಏನು, ಏನು ಮಾಡಿದಿರಿ. ಎಣ್ಣೆ ಕೈಯಲ್ಲಿ ಬರೆದ ಪುಟಗಳು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. "ಇದನ್ನ ಕಂಪ್ಯೂಟರಿಗೆ ಹಾಕು. ಆರು ತಿಂಗಳದ್ದು. ಹಾಕ್ಕೋತ ಹೋದಂಗ ನಿನಗ ಏನರ ಕಂಡ್ರ ಹೇಳು." ದಿನಾ ಮಧ್ಯಾಹ್ನ ಚಹಾದ ಹೊತ್ತಿಗೆ ಅರ್ಧ ಗಂಟೆ ನನ್ನ ಜತೆ ಕೂರುತ್ತಿದ್ದರು. ಅವತ್ತು ಟೈಪ್ ಮಾಡಿದ್ದರಲ್ಲಿ ಅರ್ಥವಾಗದ್ದನ್ನು ನಾನು ಕೇಳಬೇಕು, ಅವರು ಯಂತ್ರದ ಹತ್ತಿರ ಕರೆದುಕೊಂಡು ಹೋಗಿ ತೋರಿಸಬೇಕು. ಇದು ನಮ್ಮಿಬ್ಬರ ಒಪ್ಪಂದ.

ಒಂದು ವಾರ ಟೈಪ್ ಮಾಡಿದ ಮೇಲೆ ಒಂದು ಸಂಗತಿ ಕಂಡಿತು. ಒಂದು ಯಂತ್ರದ ಹೆಸರಿನಲ್ಲಿ 'ಸೆನ್ಸರ್ ಫಾಲ್ಟ್, ರೀಸೆಟ್ ಮಾಡಿದೆ' ಎಂಬ ಸಾಲು ನಲವತ್ತಕ್ಕೂ ಹೆಚ್ಚು ಸಲ ಇತ್ತು. ಪ್ರತಿ ಸಲ ನಿಂತಿದ್ದು ನಾಲ್ಕೈದು ನಿಮಿಷ. ಹಾಗಾಗಿ ಯಾರೂ ಅದನ್ನು ದೊಡ್ಡ ತೊಂದರೆ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಶಿಫ್ಟಿನ ಪ್ರಕಾರ ಬೇರೆ ಮಾಡಿ ನೋಡಿದರೆ, ಬಹುತೇಕ ಎಲ್ಲವೂ ಎರಡನೇ ಶಿಫ್ಟಿನ ಮೊದಲ ಒಂದು ಗಂಟೆಯೊಳಗೆ ಆದದ್ದು.

ಕಾಕಾಗೆ ತೋರಿಸಿದೆ. ಅವರು ಪಟ್ಟಿಯನ್ನು ಎರಡು ಸಲ ನೋಡಿ, ಏನೂ ಹೇಳದೆ ನನ್ನನ್ನು ಶಿಫ್ಟ್ ಬದಲಾಗುವ ಹೊತ್ತಿಗೆ ಆ ಯಂತ್ರದ ಮುಂದೆ ನಿಲ್ಲಿಸಿದರು. ಮೊದಲ ಶಿಫ್ಟಿನವರು ಮನೆಗೆ ಹೊರಡುವ ಮುನ್ನ ಏರ್ ಗನ್ ಹಿಡಿದು ಯಂತ್ರದ ಮೇಲಿನ ಕಬ್ಬಿಣದ ಚೂರುಗಳನ್ನು ಊದಿ ಸ್ವಚ್ಛ ಮಾಡುತ್ತಾರೆ. ಒಳ್ಳೆಯ ಅಭ್ಯಾಸ. ಆದರೆ ಊದಿದ ಚೂರುಗಳಲ್ಲಿ ಕೆಲವು ಹೋಗಿ ಕೂರುತ್ತಿದ್ದದ್ದು ಪ್ರಾಕ್ಸಿಮಿಟಿ ಸೆನ್ಸರಿನ ಮುಖದ ಮೇಲೆ. ಎದುರಿಗೆ ಲೋಹ ಬಂದರೆ 'ಬಂತು' ಎಂದು ಹೇಳುವುದೇ ಆ ಸೆನ್ಸರಿನ ಕೆಲಸ. ಚೂರು ಕೂತರೂ ಅದು ಹಾಗೇ ಹೇಳುತ್ತದೆ. ಇನ್ನೂ ಬರದ ಬಿಡಿಭಾಗ ಬಂದಿದೆ ಎಂದು ಯಂತ್ರಕ್ಕೆ ಸುದ್ದಿ ಹೋಗುತ್ತದೆ, ಲೆಕ್ಕ ತಪ್ಪಿ ಯಂತ್ರ ನಿಲ್ಲುತ್ತದೆ. ರೀಸೆಟ್ ಮಾಡುವವರು ಕೈ ಹಾಕಿ ಒರೆಸಿದರೆ ಮತ್ತೆ ಸರಿ.

ಸೆನ್ಸರ್ ಕೆಟ್ಟಿರಲಿಲ್ಲ. ಯಾರೂ ಕೆಲಸ ತಪ್ಪಿಸಿರಲಿಲ್ಲ. ಎರಡು ಶಿಫ್ಟುಗಳ ನಡುವೆ ಏನಾಗುತ್ತದೆಂದು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ ಅಷ್ಟೇ. ಕಾಕಾ ಅಂಗೈ ಅಗಲದ ಒಂದು ತಗಡಿನ ತುಂಡು ಕತ್ತರಿಸಿ, ಬಾಗಿಸಿ, ಸೆನ್ಸರಿಗೆ ಮರೆಯಾಗಿ ಕೂರಿಸಿದರು. ನಾನು ಅಲ್ಲಿದ್ದ ಉಳಿದ ದಿನಗಳಲ್ಲಿ ಆ ಸಾಲು ಲಾಗ್‌ಬುಕ್ಕಿನಲ್ಲಿ ಒಮ್ಮೆ ಮಾತ್ರ ಬಂತು.

ವೈವಾದಲ್ಲಿ ಕೇಳದ ಪ್ರಶ್ನೆ

ಕಾಲೇಜಿಗೆ ವಾಪಸು ಬಂದ ಮೇಲೆ ರಿಪೋರ್ಟು, ವೈವಾ. ರಿಪೋರ್ಟಿನಲ್ಲಿ ಮೊದಲ ಹದಿನೈದು ಪುಟ ಕಂಪನಿಯ ಇತಿಹಾಸ ಇರಬೇಕು. ಅದನ್ನು ಕಂಪನಿಯ ವೆಬ್‌ಸೈಟಿನಿಂದ ಎಲ್ಲರೂ ಎತ್ತಿದ್ದರು. ನನ್ನನ್ನು ಕೇಳಿದ್ದು ಎರಡು ಪ್ರಶ್ನೆ: ಕಂಪನಿ ಶುರುವಾಗಿದ್ದು ಯಾವ ಇಸವಿಯಲ್ಲಿ, ಮತ್ತು ರಿಪೋರ್ಟಿನ ಬಾರ್ಡರ್ ಯಾಕೆ ಎಲ್ಲ ಪುಟಕ್ಕೂ ಒಂದೇ ಥರ ಇಲ್ಲ. ತಗಡಿನ ತುಂಡಿನ ಕಥೆಗೆ ಅಲ್ಲಿ ಜಾಗ ಇರಲಿಲ್ಲ. ಬರದೇ ಇದ್ದ ನಾಲ್ಕು ಮಂದಿಗೂ ನನಗೂ ಅಂಕದಲ್ಲಿ ಹೆಚ್ಚು ವ್ಯತ್ಯಾಸ ಬೀಳಲಿಲ್ಲ.

'ಸರ್ಟಿಫಿಕೇಟ್ ಸಾಕು' ಎಂಬ ಮಾತು ಹುಟ್ಟುವುದು ಇಲ್ಲಿ. ಕಲಿತವನನ್ನೂ ಕಲಿಯದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ಐವತ್ತು ಸಾವಿರ ಖರ್ಚು ಮಾಡುವವನು ದಡ್ಡ ಅನ್ನಿಸಿಕೊಳ್ಳುತ್ತಾನೆ. ಹುಡುಗರು ಲೆಕ್ಕದಲ್ಲಿ ನಮಗಿಂತ ಚುರುಕು.

ಆದರೆ ನನಗೆ ಸಿಕ್ಕಿದ್ದು ಅಂಕಪಟ್ಟಿಯಲ್ಲಿಲ್ಲ. ಇವತ್ತು ನಾನು ಸಾಫ್ಟ್‌ವೇರಿನಲ್ಲಿದ್ದೇನೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದು ಫೋನ್ ಹೊಡೆದುಕೊಂಡರೆ ನಾನು ಮೊದಲು ತೆರೆಯುವುದು ಲಾಗ್. ಯಾವ ಎರರ್ ದೊಡ್ಡದು ಎಂದು ಹುಡುಕುವ ಮೊದಲು, ಯಾವ ಸಣ್ಣ ಎರರ್ ಮತ್ತೆ ಮತ್ತೆ ಒಂದೇ ಹೊತ್ತಿಗೆ ಬರುತ್ತಿದೆ ಎಂದು ನೋಡುತ್ತೇನೆ. 'ರೀಸ್ಟಾರ್ಟ್ ಮಾಡಿದೆ, ಸರಿಹೋಯ್ತು' ಎಂದು ಯಾರಾದರೂ ಬರೆದಿದ್ದರೆ ನನಗೆ ಆ ಸೆನ್ಸರ್ ನೆನಪಾಗುತ್ತದೆ. ಇದನ್ನು ಕಲಿಸಿದ್ದು ಆರು ವಾರದ ಇಂಟರ್ನ್‌ಶಿಪ್ ಅನ್ನುವುದಕ್ಕಿಂತ ಕಾಕಾ ಕೊಟ್ಟ ದಿನದ ಅರ್ಧ ಗಂಟೆ ಅನ್ನುವುದು ಸರಿ. ಕೂಡಿಸಿದರೆ ಹತ್ತು-ಹನ್ನೆರಡು ಗಂಟೆಯೂ ಆಗಲಿಕ್ಕಿಲ್ಲ.

ದೊಡ್ಡ ಕಂಪನಿ ಎಂದಾಕ್ಷಣ ಕಲಿಕೆಯೂ ದೊಡ್ಡದು ಎಂದು ನಾವು ನಂಬುತ್ತೇವೆ. ಅಲ್ಲಿ ಕಟ್ಟಡ, ಕ್ಯಾಂಟೀನು, ಯಂತ್ರ ಎಲ್ಲ ಇರುತ್ತದೆ. ಇರದೇ ಹೋಗಬಹುದಾದದ್ದು ಒಂದೇ: 'ಈ ಹುಡುಗನಿಗೆ ಕಲಿಸುವುದು ನಿನ್ನ ಕೆಲಸ' ಎಂದು ಯಾರಿಗಾದರೂ ಒಪ್ಪಿಸಿದ ಸಮಯ. ಅದಿಲ್ಲದಿದ್ದರೆ ಆರು ವಾರವಾದರೂ ಅಷ್ಟೇ, ಇಪ್ಪತ್ತು ವಾರವಾದರೂ ಅಷ್ಟೇ.

ದೋಣಿಯಲ್ಲಿ ಹೀಗಿಲ್ಲ

ಊರಲ್ಲಿ ಹುಡುಗನೊಬ್ಬ ಮೊದಲ ಸಲ ದೋಣಿ ಹತ್ತಿದರೆ ತಾಂಡೇಲ ಅವನ ಕೈಗೆ ಬಲೆ ಕೊಡುವುದಿಲ್ಲ. ನೀರು ಗೋರು, ಹಗ್ಗ ಸುತ್ತು, ಮೀನು ಬೇರೆ ಮಾಡು ಎಂದು ಸಣ್ಣ ಕೆಲಸ ಕೊಡುತ್ತಾನೆ. ಆದರೆ 'ಸುತ್ತಾಡಿ ನೋಡು' ಅನ್ನುವುದಿಲ್ಲ. ಸುತ್ತಾಡಲು ದೋಣಿಯಲ್ಲಿ ಜಾಗವೂ ಇಲ್ಲ! ಹುಡುಗ ಸುತ್ತಿದ ಹಗ್ಗ ಗಂಟು ಬಿದ್ದರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಹಾಗಾಗಿ ಅವನಿಗೆ ಕಲಿಸದೆ ದೋಣಿಗೇ ಗತಿಯಿಲ್ಲ. ಸಂಜೆ ದಡಕ್ಕೆ ಬಂದಾಗ ಅವನ ಕೈಗೂ ಸಾರಿಗಾಗುವಷ್ಟು ಬಂಗಡೆ ಬೀಳುತ್ತದೆ.

ಕೆಲಸ ಸಣ್ಣದಿರಲಿ, ಅದು ಯಾರಿಗಾದರೂ ಬೇಕಾದ ಕೆಲಸವಾಗಿರಬೇಕು. ಲಾಗ್‌ಬುಕ್ ಟೈಪ್ ಮಾಡುವುದು ಕೇಳಲು ಗುಮಾಸ್ತಿಕೆ. ಆದರೆ ಅದು ಕಾಕಾಗೆ ಬೇಕಿತ್ತು. ಅದಕ್ಕೇ ಅವರು ದಿನಾ ಬಂದು ನೋಡಿದರು.

ದುಡ್ಡು ಯಾರು ಯಾರಿಗೆ ಕೊಡಬೇಕು?

ಈಗ ಇನ್ನೊಂದು ವ್ಯಾಪಾರ ಶುರುವಾಗಿದೆ. ಇನ್‌ಸ್ಟಾಗ್ರಾಂ ತೆರೆದರೆ ಸಾಕು: 'ಎರಡು ಸಾವಿರ ಕಟ್ಟಿ, ಆನ್‌ಲೈನ್ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಗ್ಯಾರಂಟಿ.' ದುಡ್ಡು ಕಟ್ಟಿದ ಮೇಲೆ ನಾಲ್ಕು ರೆಕಾರ್ಡೆಡ್ ವಿಡಿಯೊ, ಇಂಟರ್‌ನೆಟ್‌ನಲ್ಲಿ ಬಿಟ್ಟಿ ಸಿಗುವ ಒಂದು ಪ್ರಾಜೆಕ್ಟು, ಬಂಗಾರದ ಬಣ್ಣದ ಮುದ್ರೆಯ ಪಿಡಿಎಫ್. ನಾನೀಗ ಕಂಪನಿಯಲ್ಲಿ ಹೊಸಬರ ಸಂದರ್ಶನದಲ್ಲಿ ಕೂರುತ್ತೇನೆ. ರೆಸ್ಯೂಮೆಯಲ್ಲಿ ಇಂಥ ಸಾಲು ಕಂಡರೆ ನಾನು ಕೇಳುವುದು ಒಂದೇ: "ಅಲ್ಲಿ ಏನು ಕೆಟ್ಟಿತ್ತು, ನೀವು ಹೇಗೆ ಕಂಡುಹಿಡಿದ್ರಿ?" ದುಡ್ಡು ಕಟ್ಟಿದವರ ಹತ್ತಿರ ಅದಕ್ಕೆ ಉತ್ತರ ಇರುವುದಿಲ್ಲ. ಊರಿನ ಅಂಗಡಿಯ ಬಿಲ್ಲಿಂಗ್ ಎಕ್ಸೆಲ್ ಸರಿಮಾಡಿಕೊಟ್ಟ ಹುಡುಗಿಯ ಹತ್ತಿರ ಇರುತ್ತದೆ.

ಇಲ್ಲಿ ಮೂರು ಪದಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಗೊತ್ತಿದ್ದರೆ ಮೋಸ ಹೋಗುವುದು ಕಡಿಮೆ.

ಒಂದು, ಕಾಲೇಜಿನ ಇಂಟರ್ನ್‌ಶಿಪ್. ಇದು ಪದವಿಯ ಭಾಗ. ಕೊಡಲೇಬೇಕಾದ ಸ್ಟೈಪೆಂಡ್ ಎಂದು ಇದಕ್ಕೆ ಇಲ್ಲ. ಕೊಟ್ಟರೆ ಕಂಪನಿಯ ಇಷ್ಟ.

ಎರಡು, ಅಪ್ರೆಂಟಿಸ್‌ಶಿಪ್. ಇದಕ್ಕೆ ಕಾನೂನಿನ ಬಲ ಇದೆ, 1961ರ ಅಪ್ರೆಂಟಿಸ್ ಕಾಯಿದೆ. ಮೊದಲು ಐಟಿಐ ಥರದ ಕಸುಬುಗಳಿಗೆ ಮಾತ್ರ ಇತ್ತು. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾದವರೂ ಸೇರಿದರು. 2019ರ ನಿಯಮಗಳು ನಿಗದಿ ಮಾಡಿದ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ ತಿಂಗಳಿಗೆ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ಆಗಿತ್ತು. ಅದರ ಒಂದು ಪಾಲನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತದೆ. ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ದಕ್ಷಿಣ ರಾಜ್ಯಗಳ ಕಚೇರಿ ಚೆನ್ನೈನಲ್ಲಿದೆ. ಒಂದು ಮಾತು ನೆನಪಿರಲಿ: ಕಾಯಿದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವ, ಕಾರ್ಮಿಕ ಅಲ್ಲ. ಅವಧಿ ಮುಗಿದ ಮೇಲೆ ಅಲ್ಲೇ ಕೆಲಸ ಸಿಗುತ್ತದೆಂಬ ಖಾತ್ರಿ ಇಲ್ಲ.

ಮೂರು, ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ. 2024ರ ಜುಲೈ ಬಜೆಟ್‌ನಲ್ಲಿ ಹೇಳಿ, ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿದ್ದು. ಐದು ವರ್ಷದಲ್ಲಿ ಒಂದು ಕೋಟಿ ಯುವಕ-ಯುವತಿಯರಿಗೆ 500 ದೊಡ್ಡ ಕಂಪನಿಗಳಲ್ಲಿ ಅವಕಾಶ ಎಂಬುದು ಗುರಿ. ಶುರುವಾದಾಗಿನ ನಿಯಮದಂತೆ 12 ತಿಂಗಳು, ತಿಂಗಳಿಗೆ 5,000 ರೂಪಾಯಿ, ಒಮ್ಮೆ 6,000 ರೂಪಾಯಿ. ವಯಸ್ಸು 21ರಿಂದ 24. ಆ ನಿಯಮದಲ್ಲಿ ಪೂರ್ಣಾವಧಿ ಓದುತ್ತಿರುವವರಿಗೆ ಇದು ಸಿಗುತ್ತಿರಲಿಲ್ಲ. ಹಾಗಾಗಿ ಕೊನೆಯ ಸೆಮಿಸ್ಟರಿನವರು ಇದನ್ನು ನಂಬಿ ಕೂರಬೇಡಿ.

ಮೂರರಲ್ಲಿ ಯಾವುದರಲ್ಲೂ ಕಲಿಯುವವರು ದುಡ್ಡು ಕಟ್ಟುವ ಮಾತಿಲ್ಲ.

ಮನೆ ಹತ್ತಿರದ ಬಾಗಿಲುಗಳು

ಇಂಟರ್ನ್‌ಶಿಪ್ ಎಂದರೆ ಬೆಂಗಳೂರು ಎಂದೇ ನಮ್ಮ ಹುಡುಗರ ತಲೆಯಲ್ಲಿ ಕೂತಿದೆ. ನಮ್ಮ ಜಿಲ್ಲೆಯನ್ನೊಮ್ಮೆ ನೋಡಿ. ಕಾಳಿ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ. ಅದರ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ, ಒಮ್ಮೆಯೂ ನಿಲ್ಲದೆ ನಡೆದು ಆಗ ವಿಶ್ವದಾಖಲೆ ಮಾಡಿತು. ನಮ್ಮ ಸಾಫ್ಟ್‌ವೇರಿನವರು 'ಅಪ್‌ಟೈಮ್' ಎಂದು ದಿನಗಳನ್ನು ಎಣಿಸಿ ಬೀಗುತ್ತೇವಲ್ಲ, ಅವರು ಇದನ್ನು ಕೇಳಬೇಕು. ಓಡುತ್ತಿರುವಾಗಲೇ ಇಂಧನ ಬದಲಿಸುವ ಅನುಕೂಲ ಆ ಥರದ ರಿಯಾಕ್ಟರಿಗಿದೆ ನಿಜ. ಆದರೆ ಎರಡೂವರೆ ವರ್ಷ ಒಂದೂ ಪಂಪು, ಒಂದೂ ವಾಲ್ವು, ಒಂದೂ ಸೆನ್ಸರು ಘಟಕವನ್ನು ನಿಲ್ಲಿಸದಂತೆ ನೋಡಿಕೊಂಡದ್ದು ಪ್ರತಿ ಶಿಫ್ಟಿನಲ್ಲಿ ಸಣ್ಣದನ್ನೂ ಬರೆದಿಟ್ಟು ಮುಂದಿನವರಿಗೆ ಒಪ್ಪಿಸಿದ ಜನ. ಕೈಗಾದಲ್ಲಿ ಐಟಿಐ, ಡಿಪ್ಲೊಮಾ, ಪದವಿ ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವ ಪ್ರಕಟಣೆಗಳು ಬರುತ್ತವೆ. ಕಾರವಾರದ ನೌಕಾಪಡೆಯ ಹಡಗು ದುರಸ್ತಿ ಯಾರ್ಡು ಐಟಿಐನವರನ್ನು ಅಪ್ರೆಂಟಿಸ್ ಆಗಿ ಸೇರಿಸಿಕೊಳ್ಳುತ್ತದೆ. ದಾಂಡೇಲಿಯಲ್ಲಿ 1950ರ ದಶಕದಿಂದ ಕಾಗದ ಕಾರ್ಖಾನೆ ಇದೆ. ಬಿಣಗಾದಲ್ಲಿ ರಾಸಾಯನಿಕ ಕಾರ್ಖಾನೆ ಇದೆ. ಮನೆಯಲ್ಲೇ ಉಂಡು, ಬಸ್ಸಿನಲ್ಲಿ ಹೋಗಿಬರಲು ಆಗುವ ಜಾಗ ಇದ್ದರೆ ಮೊದಲು ಅಲ್ಲಿ ಕೇಳಿ. ಸಿಗುತ್ತದೆಂದು ನಾನು ಹೇಳಲಾರೆ, ಕೇಳದಿದ್ದರೆ ಖಂಡಿತ ಸಿಗುವುದಿಲ್ಲ.

ಇನ್ನು ನಮ್ಮ ಕೇಣಿ. 2023ರಲ್ಲಿ ಇಲ್ಲಿ ಬಂದರು ಕಟ್ಟುವ ಗುತ್ತಿಗೆ ಜೆಎಸ್‌ಡಬ್ಲ್ಯೂ ಕಂಪನಿಗೆ ಸಿಕ್ಕಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. 2025ರ ಫೆಬ್ರವರಿಯಲ್ಲಿ ಸಮುದ್ರದಲ್ಲಿ ಸಮೀಕ್ಷೆಗೆ ಬಂದಾಗ ಮೀನುಗಾರರು, ಹೆಂಗಸರೂ ಸೇರಿ, ಎದ್ದು ನಿಂತರು. ಬಂದರು ಬಂದರೆ ಬಲೆ ಎಲ್ಲಿ ಬೀಸಬೇಕು ಎಂಬ ಅವರ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಕೊಡಲು ಆಗುವುದಿಲ್ಲ. ನಾನೂ ಈ ಅಂಕಣದಲ್ಲಿ ಅದಕ್ಕೆ ಹೊರಟಿಲ್ಲ. ಆದರೆ ಆ ಚರ್ಚೆಯ ನಡುವೆ ಪದೇ ಪದೇ ಕೇಳುವ ಒಂದು ಮಾತಿದೆ, 'ಊರಿನ ಹುಡುಗರಿಗೆ ಕೆಲಸ ಸಿಗುತ್ತದೆ.' ಈ ಮಾತಿಗೆ ಮಾತ್ರ ನನ್ನ ಹತ್ತಿರ ಒಂದು ಪ್ರಶ್ನೆ ಇದೆ.

ಅಪ್ರೆಂಟಿಸ್ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ಗುತ್ತಿಗೆ ಸಿಬ್ಬಂದಿಯೂ ಈ ಲೆಕ್ಕದಲ್ಲಿ ಸೇರುತ್ತಾರೆ. ಹಾಗಾಗಿ ಯಾವ ಊರಿಗೇ ಆಗಲಿ, ಯಾವ ದೊಡ್ಡ ಕಂಪನಿಯೇ ಬರಲಿ, 'ಕೆಲಸ ಕೊಡ್ತೀರಾ?' ಎಂದು ಕೇಳಿದರೆ 'ಕೊಡ್ತೇವೆ' ಎಂಬ ಉತ್ತರ ಸುಲಭ. 'ಯಾವ ಕಸುಬಿಗೆ, ವರ್ಷಕ್ಕೆ ಎಷ್ಟು ಮಂದಿ ಅಪ್ರೆಂಟಿಸ್ ತೆಗೆದುಕೊಳ್ತೀರಿ, ಈ ತಾಲ್ಲೂಕಿನಿಂದ ಎಷ್ಟು, ಕಲಿಸುವವರು ಯಾರು?' ಎಂದು ಕೇಳಿದರೆ ಅಂಕಿ ಕೊಡಬೇಕಾಗುತ್ತದೆ. ಬಂದರು ಬೇಕೆನ್ನುವವರೂ ಬೇಡವೆನ್ನುವವರೂ ಒಟ್ಟಿಗೆ ಕೇಳಬಹುದಾದ ಪ್ರಶ್ನೆ ಇದು. ನೆಲ ಬಿಟ್ಟುಕೊಟ್ಟ ಊರಿನ ಹುಡುಗರು ಗೇಟಿನ ಹೊರಗೆ ಚಹಾ ಮಾರುತ್ತ, ಒಳಗಿನ ಕೆಲಸ ಕಲಿತವರು ಬೇರೆ ಕಡೆಯಿಂದ ಬಂದರೆ ಆ 'ಕೆಲಸ ಸಿಗುತ್ತದೆ' ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ.

ಹೋಗುವವರು ಕೇಳಬೇಕಾದ್ದು

ಈ ವರ್ಷ ಇಂಟರ್ನ್‌ಶಿಪ್‌ಗೆ ಹೊರಟಿರುವ ತಮ್ಮಂದಿರೇ, ತಂಗಿಯರೇ, ಸೇರುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ.

1. ನನಗೆ ಗೈಡ್ ಯಾರು? ಒಂದು ಹೆಸರು ಬೇಕು, ವಿಭಾಗದ ಹೆಸರು ಸಾಲದು.

2. ಅವರು ದಿನಕ್ಕೆ ಅಥವಾ ವಾರಕ್ಕೆ ಎಷ್ಟು ಹೊತ್ತು ಸಿಗುತ್ತಾರೆ?

3. ನನಗೆ ಕೊಡುವ ಕೆಲಸ ಯಾರಿಗೆ ಬೇಕಾಗಿದೆ? 'ಯಾರಿಗೂ ಇಲ್ಲ, ಅಭ್ಯಾಸಕ್ಕೆ' ಎಂದರೆ, ಬೇಕಾದ ಒಂದು ಸಣ್ಣ ಕೆಲಸ ಕೊಡಿ ಎಂದು ನೀವೇ ಕೇಳಿ.

4. ದುಡ್ಡು ನಾನು ಕಟ್ಟಬೇಕೇ? ಹೌದು ಎಂದರೆ ವಾಪಸು ಬನ್ನಿ.

ಒಳಗೆ ಹೋದ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾ ಮೂರು ಸಾಲು: ಇವತ್ತು ಏನು ಕೆಟ್ಟಿತು, ಯಾರು ಸರಿಮಾಡಿದರು, ಹೇಗೆ. ಕಂಪನಿಯ ಗುಟ್ಟು, ಡ್ರಾಯಿಂಗು, ಕೋಡು ಬರೆದುಕೊಳ್ಳಬೇಡಿ, ಕಲಿತದ್ದನ್ನು ಬರೆದುಕೊಳ್ಳಿ. ದೊಡ್ಡ ಪದವಿಯವರು ಸಿಗದಿದ್ದರೆ ಲಾಗ್‌ಬುಕ್ ಬರೆಯುವವರ ಹತ್ತಿರ ಹೋಗಿ. ಯಂತ್ರ ಎಲ್ಲಿ ನೋಯುತ್ತದೆಂದು ಅವರಿಗೆ ಗೊತ್ತಿರುತ್ತದೆ, ಮತ್ತು ಅವರನ್ನು ಯಾರೂ ಏನೂ ಕೇಳಿರುವುದಿಲ್ಲ.

ಕೆಲಸದಲ್ಲಿರುವವರಿಗೆ

ಇದನ್ನು ಓದುತ್ತಿರುವ ಬಹಳ ಮಂದಿ ನನ್ನ ಹಾಗೆ ಈಗಾಗಲೇ ನೌಕರಿಯಲ್ಲಿರುವವರು. ಮೆಟ್ರೊದಲ್ಲೋ, ಆಫೀಸಿನ ಕ್ಯಾಬಿನಲ್ಲೋ ಫೋನ್ ಹಿಡಿದು ಓದುತ್ತಿರುತ್ತೀರಿ. ಎಚ್‌ಆರ್‌ನಿಂದ 'ನಿಮ್ಮ ಟೀಮಿಗೆ ಇಬ್ಬರು ಇಂಟರ್ನ್' ಎಂಬ ಮೇಲ್ ಬಂದಾಗ ನಮ್ಮ ಮುಖ ಹೇಗಾಗುತ್ತದೆಂದು ನನಗೆ ಗೊತ್ತು. ನಮಗೂ ಡೆಡ್‌ಲೈನ್ ಇದೆ, ನಮ್ಮ ಅಪ್ರೈಸಲ್‌ನಲ್ಲಿ 'ಇಂಟರ್ನ್‌ಗೆ ಕಲಿಸಿದ' ಎಂಬ ಕಾಲಮ್ಮೇ ಇಲ್ಲ. ಮ್ಯಾನೇಜರಿಗೆ ಆ ಕಾಲಮ್ಮು ಬೇಕು ಎಂದು ಕೇಳುವುದು ಒಂದು ದಾರಿ. ಅದು ಬರುವವರೆಗೆ ಕಾಯದೇ ಇರುವುದು ಇನ್ನೊಂದು.

ಬಂದವರಲ್ಲಿ ಒಬ್ಬರು ಪಿಜಿ ಬಾಡಿಗೆಗೆ ಮನೆಯಲ್ಲಿ ಬಳೆ ಅಡವಿಟ್ಟು ಬಂದಿರಬಹುದು. ಅವರು ಅದನ್ನು ನಿಮಗೆ ಹೇಳುವುದಿಲ್ಲ. "ಸುತ್ತಾಡಿ, ನೋಡಿ" ಎಂದು ನಾವು ನಗುತ್ತಾ ಹೇಳಿದರೆ, ಅವರೂ ನಗುತ್ತಾ "ಓಕೆ ಸರ್" ಅಂತಾರೆ.

ಈ ವರ್ಷ ನನ್ನ ಟೀಮಿಗೂ ಇಬ್ಬರು ಬಂದಿದ್ದಾರೆ, ಒಬ್ಬಳು ರಾಯಚೂರಿನವಳು, ಇನ್ನೊಬ್ಬ ತುಮಕೂರಿನವ. ಮೊದಲ ದಿನವೇ ಮೂರು ತಿಂಗಳ ಎರರ್ ಲಾಗ್ ಕೊಟ್ಟು, ಮತ್ತೆ ಮತ್ತೆ ಬರುವ ಸಣ್ಣವನ್ನು ಹುಡುಕಿ ಎಂದಿದ್ದೇನೆ. ದಿನಾ ಸಂಜೆ ನಾಲ್ಕರಿಂದ ನಾಲ್ಕೂವರೆ ಕ್ಯಾಲೆಂಡರಿನಲ್ಲಿ ಅವರಿಗೆ ಬ್ಲಾಕ್ ಮಾಡಿಟ್ಟಿದ್ದೇನೆ. ನಿನ್ನೆ ಆ ಹೊತ್ತಿಗೆ ಮೀಟಿಂಗ್ ಇಡಲು ಬಂದ ಮ್ಯಾನೇಜರಿಗೆ, ನಾಲ್ಕೂವರೆ ಮೇಲೆ ಇಟ್ಟುಕೊಳ್ಳೋಣ ಸರ್ ಎಂದೆ. ಅವರು ಒಪ್ಪಿದರು.